ಮೇಖ್ರಿ ವೃತ್ತದಿಂದ ಶ್ರಮ ಸದನಕ್ಕೆ: ಬಾಕಿ ಸಂಬಳದ ಜಾಡು ಹಿಡಿದು

ಮೇಖ್ರಿ ವೃತ್ತ ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ ಗಂಗಾನಗರದ ಬಳಿ ಎಚ್‌ಎಂಟಿ ಭವನ ಸಿಗುತ್ತದೆ. ವಿಮಾನ ಹಿಡಿಯುವ ಅವಸರದಲ್ಲಿ ಇದರತ್ತ ತಲೆಯೆತ್ತಿ ನೋಡುವವರು ಕಡಿಮೆ. ಒಂದು ಕಾಲಕ್ಕೆ ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ವಾಚು ಕಟ್ಟದಿದ್ದರೆ ಬೀಗರಿಗೆ ಸಮಾಧಾನವಿರುತ್ತಿರಲಿಲ್ಲ. ಈಗ ಆ ವಾಚಿನ ಕಂಪನಿಯೇ ಇಲ್ಲ. ಬಾಗಿಲು ಹಾಕಿದ ಕಂಪನಿಗಳ ನೌಕರರ ಬಾಕಿ ಹಣ ಯಾವ ಹಾದಿ ಹಿಡಿಯುತ್ತದೆ ಎಂದು ನೋಡಲು ಉತ್ತರ ಬೆಂಗಳೂರಿನ ಈ ಸುತ್ತು ಸಾಕು.

ಹೆಬ್ಬಾಳದ ಮೇಲ್ಸೇತುವೆ ಇಳಿದು ಮುಂದೆ ಹೋದರೆ ಜಕ್ಕೂರು. ಬಲಗಡೆ ವಿಮಾನ ತರಬೇತಿ ಶಾಲೆಯ ಪುಟ್ಟ ಏರೋಡ್ರೋಮ್. ಕ್ಯಾಪ್ಟನ್ ಗೋಪಿನಾಥ್ ಅವರ ಡೆಕ್ಕನ್ ಏವಿಯೇಷನ್‌ನ ಹೆಲಿಕಾಪ್ಟರ್‌ಗಳು ಹಾರುತ್ತಿದ್ದುದು ಇಲ್ಲಿಂದಲೇ. ಅದೇ ಕಂಪನಿ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ, ಹುಬ್ಬಳ್ಳಿ-ಬೆಂಗಳೂರು ವಿಮಾನದಿಂದ ಆರಂಭಿಸಿ, ಸಾಮಾನ್ಯರಿಗೂ ಟಿಕೆಟ್ ಎಟುಕುವಂತೆ ಮಾಡಿತು. ಕೊನೆಗೆ ಅದು ಸೇರಿದ್ದು ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ತೆಕ್ಕೆಗೆ.

2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿದ ಕಿಂಗ್‌ಫಿಷರ್ ಏಳು ವರ್ಷ ಬಾಳಿತು. 2012ರ ಮಾರ್ಚ್‌ನಿಂದ ಸಂಬಳ ನಿಂತಿತು. ಪೈಲಟ್‌ಗಳು, ಎಂಜಿನಿಯರ್‌ಗಳು, ಕೌಂಟರ್ ಸಿಬ್ಬಂದಿ ‘ಮುಂದಿನ ತಿಂಗಳು ಬಂದೀತು’ ಎಂದು ನಂಬಿ ಏಳು ತಿಂಗಳು ದುಡಿದರು. ಅಕ್ಟೋಬರ್ ಹೊತ್ತಿಗೆ ಮುಷ್ಕರ, ಅದರ ಬೆನ್ನಿಗೆ ಲಾಕೌಟ್; ಅದೇ ತಿಂಗಳ 20ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಪರವಾನಗಿ ಅಮಾನತು ಮಾಡಿತು. ಸಂಬಳದಲ್ಲಿ ಹಿಡಿದ ಆದಾಯ ತೆರಿಗೆ ಖಜಾನೆಗೆ ಸೇರದೆ, ಸಂಬಳವಿಲ್ಲದ ಮನೆಗಳಿಗೆ ತೆರಿಗೆ ನೋಟಿಸ್ ಬಂದದ್ದೂ ಉಂಟು.

2016ರಲ್ಲಿ ಕರ್ನಾಟಕ ಹೈಕೋರ್ಟ್ ಕಂಪನಿಯ ಸಮಾಪನೆಗೆ ಆದೇಶಿಸಿತು. ಅಲ್ಲಿಂದ ಕಂಪನಿಯ ಲೆಕ್ಕವೆಲ್ಲ ಅಧಿಕೃತ ಸಮಾಪಕರ, ಅಂದರೆ ಅಫೀಷಿಯಲ್ ಲಿಕ್ವಿಡೇಟರ್ ಅವರ ಕೈಗೆ. ಗೋವಾದ ವಿಲ್ಲಾ ಮಾರಾಟವಾಯಿತು. ಮುಂಬೈನ ಕಿಂಗ್‌ಫಿಷರ್ ಹೌಸ್ ಹರಾಜಿನ ಮೇಲೆ ಹರಾಜು ಕಂಡು 2021ರಲ್ಲಿ ಕೈಬದಲಾಯಿತು. ಆದರೆ ಸಾಲ ಕೊಟ್ಟ ಬ್ಯಾಂಕುಗಳು ಮುಂದೆ ನಿಂತಿದ್ದವು. 2025ರ ಡಿಸೆಂಬರ್‌ನಲ್ಲಷ್ಟೇ ಚೆನ್ನೈನ ಸಾಲ ವಸೂಲಾತಿ ನ್ಯಾಯಮಂಡಳಿ ಸುಮಾರು 312 ಕೋಟಿ ರೂಪಾಯಿಯನ್ನು ಮಾಜಿ ನೌಕರರ ಬಾಕಿಗಾಗಿ ಸಮಾಪಕರಿಗೆ ಬಿಡುಗಡೆ ಮಾಡಲು ಹೇಳಿತು. ಜಾರಿ ನಿರ್ದೇಶನಾಲಯ ಮುಟ್ಟುಗೋಲು ಹಾಕಿಕೊಂಡು ಬ್ಯಾಂಕುಗಳಿಗೆ ಮರಳಿಸಿದ್ದ ಆಸ್ತಿಯ ಹಣ ಅದು. ಸಂಬಳ ನಿಂತು ಅಷ್ಟರಲ್ಲಿ ಹದಿಮೂರು ವರ್ಷ ದಾಟಿತ್ತು.

ಕಾನೂನು ನೌಕರರನ್ನು ಪೂರ್ತಿ ಕೈಬಿಟ್ಟಿಲ್ಲ. ಹಳೆಯ ಕಂಪನಿ ಕಾಯ್ದೆಯ 529-ಎ ಕಲಂ ಕಾರ್ಮಿಕರ ಬಾಕಿಯನ್ನು ಅಡಮಾನ ಇಟ್ಟುಕೊಂಡ ಬ್ಯಾಂಕುಗಳ ಸಾಲಕ್ಕೆ ಸರಿಸಮನಾಗಿ ನಿಲ್ಲಿಸುತ್ತದೆ. 2016ರ ದಿವಾಳಿ ಸಂಹಿತೆಯೂ ಕಾರ್ಮಿಕರ 24 ತಿಂಗಳ ಬಾಕಿಗೆ ಅದೇ ಸ್ಥಾನ ಕೊಟ್ಟಿದೆ. ಕಾರ್ಮಿಕರ ವ್ಯಾಖ್ಯೆಗೆ ಬಾರದ ನೌಕರರಿಗೆ 12 ತಿಂಗಳು ಮಾತ್ರ, ಅದೂ ಕೆಳಗಿನ ಮೆಟ್ಟಿಲಲ್ಲಿ. ಮ್ಯಾನೇಜರ್ ಎಂಬ ಬಿರುದು ಹೊತ್ತವರಿಗೆ ಆ ಬಿರುದೇ ಇಲ್ಲಿ ಭಾರವಾಗುತ್ತದೆ.

ಯಲಹಂಕದಲ್ಲಿ ಎಡಕ್ಕೆ ಹೊರಳಿ ಎಂ.ಎಸ್. ಪಾಳ್ಯ, ಗಂಗಮ್ಮ ಸರ್ಕಲ್ ಹಾದು ಬಂದರೆ ಜಾಲಹಳ್ಳಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಎಚ್‌ಎಂಟಿಯ ಮೊದಲ ವಾಚ್ ಕಾರ್ಖಾನೆ ಆರಂಭವಾದದ್ದು ಇಲ್ಲೇ. ಇಂದು ನೋಡಲು ಸಿಗುವುದು 2019ರಲ್ಲಿ ತೆರೆದ ಹೆರಿಟೇಜ್ ಸೆಂಟರ್: ಜನತಾ, ಪೈಲಟ್, ಕಾಂಚನ್ ವಾಚುಗಳ ಸಾಲು. ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ಜಮ್ಮುವಿನ ಚಿನಾರ್ ವಾಚಸ್ ಮತ್ತು ಎಚ್‌ಎಂಟಿ ಬೇರಿಂಗ್ಸ್ ಸೇರಿ ಮೂರು ಕಂಪನಿಗಳಿಗೆ 427.48 ಕೋಟಿ ರೂಪಾಯಿಯ ಪ್ಯಾಕೇಜು. ಸ್ವಯಂ ನಿವೃತ್ತಿಯ ಲೆಕ್ಕ ಹಾಕಿದ್ದು 2007ರ ವೇತನಶ್ರೇಣಿಯಲ್ಲಿ, ಅದೂ ‘ಕಾಲ್ಪನಿಕವಾಗಿ’. ಹಳೆಯ ಶ್ರೇಣಿಯಾದರೂ ಕೊಡಲು ಸರ್ಕಾರದ ಬೊಕ್ಕಸವಿತ್ತು. ಕಿಂಗ್‌ಫಿಷರ್‌ನವರ ಬೆನ್ನಿಗೆ ಅದೂ ಇರಲಿಲ್ಲ. ಜಾಗದ ವಿಷಯಕ್ಕೆ ಬಂದರೆ, ಎಚ್‌ಎಂಟಿಯ ಭೂಮಿಯಲ್ಲಿ ಒಂದು ಭಾಗ ಇಸ್ರೋಗೆ ಹೋಗಿದೆ. ಇಲ್ಲಿನ ಸುಮಾರು 599 ಎಕರೆ ತನ್ನದೆಂದು ರಾಜ್ಯದ ಅರಣ್ಯ ಇಲಾಖೆ ವಾದಿಸುತ್ತಿದೆ. ಮುಚ್ಚಿದ ಕಾರ್ಖಾನೆಯ ಮಣ್ಣಿಗೆ ವಾರಸುದಾರರ ಕೊರತೆಯಿಲ್ಲ.

ಗೊರಗುಂಟೆಪಾಳ್ಯದ ಹತ್ತಿರ, ಯಶವಂತಪುರ ಕೈಗಾರಿಕಾ ಉಪನಗರದ ಒಳರಸ್ತೆಯಲ್ಲಿದೆ ಶ್ರಮ ಸದನ. ಕೇಂದ್ರದ ಕಾರ್ಮಿಕ ಆಯುಕ್ತರ ಪ್ರಾದೇಶಿಕ ಕಚೇರಿ, ಕೇಂದ್ರ ಸರ್ಕಾರದ ಕೈಗಾರಿಕಾ ನ್ಯಾಯಮಂಡಳಿ ಎರಡೂ ಇಲ್ಲೇ. ಬ್ಯಾಂಕು, ವಿಮಾನಯಾನ, ಎಚ್‌ಎಂಟಿಯಂಥ ಕೇಂದ್ರೋದ್ಯಮಗಳ ತಕರಾರು ಬರುವುದು ಇಲ್ಲಿಗೆ. ಕೂಗಳತೆಯ ಪೀಣ್ಯದಲ್ಲಿ ಗಾರ್ಮೆಂಟ್ಸ್ ಮುಚ್ಚಿದರೆ ಮಾತ್ರ ಇಲ್ಲಿಗೆ ಬಂದು ಪ್ರಯೋಜನವಿಲ್ಲ. ಅದು ರಾಜ್ಯದ ಕಾರ್ಮಿಕ ಇಲಾಖೆಗೆ ಸೇರಿದ್ದು. ಊರ ಇನ್ನೊಂದು ತುದಿಗೆ, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಎರಡು ಬಸ್ಸು ಬದಲಿಸಿ ಹೋಗಬೇಕು.

ಹೊರಗೆ ಟೀ ಅಂಗಡಿಯ ಬಳಿ ನಿಂತಿದ್ದ ಹಿರಿಯರೊಬ್ಬರ ಕೈಲಿ ಪ್ಲಾಸ್ಟಿಕ್ ಕವರಿನ ಫೈಲು. ಅಪಾಯಿಂಟ್‌ಮೆಂಟ್ ಆರ್ಡರ್, ಮಾಸಿದ ಪೇ ಸ್ಲಿಪ್ಪುಗಳು, ಪಿಎಫ್ ಸ್ಲಿಪ್, ಪಾಸ್‌ಬುಕ್. ಪಾಸ್‌ಬುಕ್ಕಿನ ಒಂದು ಪುಟಕ್ಕೆ ಪೆನ್ಸಿಲ್ ಗುರುತು: ಪ್ರತಿ ತಿಂಗಳು ಮೊದಲ ವಾರ ಜಮಾ ಆಗುತ್ತಿದ್ದ ಸಂಬಳ ಒಂದು ಕಡೆ ನಿಂತು, ಕೆಳಗೆ ಬರೀ ಎಟಿಎಂ ಡ್ರಾ. “ಇದೇ ಸಾರ್ ಸಾಕ್ಷಿ. ಕಂಪ್ನಿಯೋರು ರಿಜಿಸ್ಟರೇ ಇಲ್ಲ ಅಂತಾರೆ, ಬ್ಯಾಂಕ್ನೋರು ಹಾಗನ್ನೋಕಾಗಲ್ಲ ನೋಡಿ” ಎಂದು ಮಡಚಿಟ್ಟುಕೊಂಡರು.

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ, ಸಂಸ್ಥೆ ಮುಚ್ಚಿ ಕೆಲಸ ಹೋದವರ ಸಂಬಳ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಆಗಬೇಕು. ಬಾಕಿಗೆ ಅರ್ಜಿ ಹಾಕಲು ಮೂರು ವರ್ಷ ವಾಯಿದೆ. ಆದರೆ ಖಾಲಿ ಗಲ್ಲಾಪೆಟ್ಟಿಗೆಯಿಂದ ಎರಡು ದಿನದಲ್ಲಿ ತೆಗೆಯುವುದೇನನ್ನು? ಆದ್ದರಿಂದ ಈ ವಿಳಾಸಗಳು ಬೇಕಾಗುವುದು ಬೀಗ ಬಿದ್ದ ಮೇಲಲ್ಲ, ಮೊದಲ ತಿಂಗಳ ಸಂಬಳ ತಪ್ಪಿದಾಗ. ಆಗ ಕಂಪನಿಗೆ ಇನ್ನೂ ಬ್ಯಾಂಕ್ ಖಾತೆಯಿರುತ್ತದೆ, ಗಿರಾಕಿಗಳಿರುತ್ತಾರೆ, ಸಹಿ ಹಾಕುವವರು ಊರಲ್ಲೇ ಇರುತ್ತಾರೆ. ಒಬ್ಬೊಬ್ಬರೇ ಹೋಗುವ ಬದಲು ಹತ್ತು ಜನ ಸೇರಿ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಏಳು ತಿಂಗಳು ಕಾದವರಿಗೆ ಏನಾಯಿತೆಂದು ಬಳ್ಳಾರಿ ರಸ್ತೆ ಕಂಡಿದೆ.