ಚೀಲ ಬಿಟ್ಟು ಒಡ್ಡಿನ ಮೇಲೆ

ಗೋವೆಯಲ್ಲಿ ನೆಲೆಸಿರುವ ನಮ್ಮ ಬಾಂಧವರಿಗೆ ಖಾಜನ್ ಗದ್ದೆ ಹೊಸದಲ್ಲ; ಕುಮಟೆ, ಅಂಕೋಲೆಯ ಕಡೆ ಇಂಥದನ್ನೇ ಗಜನಿ ಎನ್ನುತ್ತೇವೆ. ಒಡ್ಡು ಹಾಕಿ ಉಪ್ಪುನೀರನ್ನು ತಡೆದ ನೆಲವಿದು. ತೂಬಿನ ಮರದ ಬಾಗಿಲು ಉಬ್ಬರಕ್ಕೆ ತಾನಾಗಿ ಮುಚ್ಚಿಕೊಂಡು ಇಳಿತಕ್ಕೆ ತೆರೆಯುತ್ತದೆ. ಆದರೆ ಏಡಿ ಕೊರೆದ ಬಿಲವನ್ನು ಯಾರೂ ನೋಡದಿದ್ದರೆ ಒಡ್ಡು ಸೋರತೊಡಗಿ ಕೊನೆಗೆ ಒಡೆದೇಹೋಗುತ್ತದೆ. ಹಾಗೆ ಹಾಳುಬಿದ್ದ ಗದ್ದೆಗಳು ಗೋವೆಯಲ್ಲಿ ಹಲವೆಡೆ ಕಾಣುತ್ತವೆ. ನಮ್ಮ ಕಗ್ಗದಂತೆ ಉಪ್ಪು ತಾಳುವ ಅಲ್ಲಿನ ಕೊರ್ಗುಟ್ ಭತ್ತವೂ ಅಪರೂಪವಾಗಿದೆ.

6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲ ಬಿಟ್ಟು ಊರಿನ ಬಡಗಿ, ತೋಟಗಾರ, ಕುಂಬಾರರಂಥವರ ಬಳಿ ಕಲಿಯಲೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಒಡ್ಡು ಕಟ್ಟಿ ಬಲ್ಲ ಮುದುಕನಿಗಿಂತ ಒಳ್ಳೆಯ ಗುರು ಬೇಕೆ? ಮಕ್ಕಳಿಂದ ಕಲ್ಲುಮಣ್ಣು ಹೊರಿಸುವುದು ಸಲ್ಲ; ಬಿಟ್ಟಿ ದುಡಿಮೆಯೆಂದು ತಾಯಂದಿರು ಆಕ್ಷೇಪಿಸಿದರೆ ನಾವೂ ಅವರ ಪಕ್ಷವೇ. ಇಳಿತದ ವೇಳೆ ಹಿರಿಯರೊಡನೆ ನಡೆದು ಬಿಲಗಳನ್ನು ಎಣಿಸಲಿ, ಗುರುತಿನ ಕೋಲು ನೆಡಲಿ, ಪಟ್ಟಿಯನ್ನು ಗೇಣಿದಾರರ ಸಂಘಕ್ಕೆ ಒಪ್ಪಿಸಲಿ. ಕೊರ್ಗುಟಿನ ಒಳ್ಳೆಯ ತೆನೆ ಆರಿಸಿ ಶಾಲೆಯಲ್ಲಿ ಬೀಜ ಕಾಪಿಡಲಿ.

ಮುಖ್ಯೋಪಾಧ್ಯಾಯರನ್ನು ಕಂಡು ಈ ಮಾತು ಮುಂದಿಡಿರಿ. ದಿನಗಳನ್ನು ಕೊಯ್ಲಿನ ಹೊತ್ತಿಗೆ ಗೊತ್ತುಮಾಡಿಸಿರಿ. ಮಳೆ ಹಿಡಿದಿರುವಾಗ ಒಡ್ಡಿನ ಮೇಲೆ ಮಕ್ಕಳನ್ನು ಕಳಿಸುವಂತಿಲ್ಲ.