ಆನ್ ಆಗಿ ಐದೇ ನಿಮಿಷಕ್ಕೆ ಆಫ್ ಆಗುವ ಕಂಪ್ಯೂಟರ್: ಫಾರ್ಮ್ಯಾಟ್‌ಗೆ ಮೊದಲು ಇದನ್ನು ನೋಡಿ

ಕಳೆದ ತಿಂಗಳು ಭದ್ರಾವತಿಯ ನಮ್ಮ ಮನೆ ಕಂಪ್ಯೂಟರ್ ಆನ್ ಆದ ಐದೇ ನಿಮಿಷಕ್ಕೆ ತಾನಾಗೇ ಆಫ್ ಆಗೋಕೆ ಶುರುವಾಯ್ತು. ಅದರಲ್ಲಿ ಸಾವಯವ ಪ್ರಮಾಣಪತ್ರಕ್ಕೆ ಬೇಕಾದ ತೋಟದ ದಾಖಲೆಯಿತ್ತು. ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆ ಅವಧಿಯೇ 3 ವರ್ಷ. ಅಷ್ಟೂ ವರ್ಷದ ಲೆಕ್ಕ ಅದರಲ್ಲೇ.

ಶಿವಮೊಗ್ಗದ ಅಂಗಡಿಯೊಂದರಲ್ಲಿ ಬಿಚ್ಚಿ ನೋಡದೆಯೇ ‘ಫಾರ್ಮ್ಯಾಟ್ ಮಾಡ್ಬೇಕು’ ಅಂದರು. ಬೇಡ ಅಂತ ವಾಪಸ್ ತಂದೆ. ಫಾರ್ಮ್ಯಾಟ್ ಮಾಡಿದರೆ ಫೈಲ್ ಹೋಗುತ್ತೆ. ತೊಂದರೆ ಯಂತ್ರದಲ್ಲಿದ್ದರೆ ಅದು ಹಾಗೇ ಉಳಿಯುತ್ತೆ.

ನೀವು ಈ ಕ್ರಮದಲ್ಲಿ ನೋಡಿ:

1. ಆನ್ ಇರುವಷ್ಟು ಹೊತ್ತಿನಲ್ಲೇ ಮುಖ್ಯ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

2. ಬಯೋಸ್ ಪರದೆಯಲ್ಲಿ ಹತ್ತು ನಿಮಿಷ ಬಿಡಿ. ಅಲ್ಲೂ ಆಫ್ ಆದರೆ ತಪ್ಪು ವಿಂಡೋಸ್‌ನದ್ದಲ್ಲ. ಬಿಸಿ, ರ‍್ಯಾಮ್ ಅಥವಾ ಎಸ್‌ಎಂಪಿಎಸ್ ಕಾರಣ ಇರಬಹುದು.

3. ಪ್ಲಗ್ ಕಿತ್ತು, ಡಬ್ಬಿ ತೆಗೆದು, ಮೆತ್ತನೆ ಬ್ರಷ್‌ನಿಂದ ಫ್ಯಾನ್ ಧೂಳು ತೆಗೆಯಿರಿ. ರ‍್ಯಾಮ್ ತೆಗೆದು ಮತ್ತೆ ಕೂರಿಸಿ. ಎಸ್‌ಎಂಪಿಎಸ್ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯಬಹುದು.

4. ಬಯೋಸ್‌ನಲ್ಲಿ ಸರಿಯಿದ್ದು ವಿಂಡೋಸ್‌ನಲ್ಲಿ ಕೈಕೊಟ್ಟರೆ, ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟು ಸೇಫ್ ಮೋಡ್‌ಗೆ ಹೋಗಿ. ಅಲ್ಲಿ ನಿಂತರೆ ಇತ್ತೀಚೆಗೆ ಹಾಕಿದ ಸಾಫ್ಟ್‌ವೇರ್, ಡ್ರೈವರ್ ತೆಗೆಯಿರಿ.

ನಮ್ಮದರಲ್ಲಿ ಅಡಿಕೆ ಸುಲಿಯುವ ಧೂಳು ಕೂತು ಪ್ರೊಸೆಸರ್ ಫ್ಯಾನೇ ತಿರುಗುತ್ತಿರಲಿಲ್ಲ. ಒರೆಸಿದ ಮೇಲೆ ಸರಿಯಾಯ್ತು. ಈಗ ದಾಖಲೆಯ ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇದೆ. ನೀವೂ ಇವತ್ತೇ ಒಂದು ಪ್ರತಿ ಮಾಡಿಡಿ.