ಅಂಗೈ ಅಗಲದ ಹಳಿ, ಅಸಲಿ ಉಗಿ

ಕೈಯಾರೆ ಕಟ್ಟಿದ ಪುಟ್ಟ ಉಗಿಬಂಡಿ ಷೋಕೇಸಿನಲ್ಲಿಡುವ ಆಟಿಕೆಯಲ್ಲ. ಅದರ ಒಲೆಯಲ್ಲಿ ನಿಜವಾದ ಕಲ್ಲಿದ್ದಲು ಉರಿಯುತ್ತದೆ, ಬಾಯ್ಲರಿನಲ್ಲಿ ನೀರು ಕುದಿಯುತ್ತದೆ, ಸಿಲಿಂಡರಿನೊಳಗೆ ಉಗಿ ನುಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ಹಿಂದೆ ಕಟ್ಟಿದ ಗಾಡಿಯ ಮೇಲೆ ಚಾಲಕನೇ ಕಾಲು ಚಾಚಿ ಕೂರುತ್ತಾನೆ. ಎಂಜಿನ್ ಅವನನ್ನೂ ಇನ್ನೊಬ್ಬಿಬ್ಬರನ್ನೂ ಎಳೆದುಕೊಂಡು ಹೋಗುತ್ತದೆ. ಅಂಗಡಿಯಿಂದ ಬರುವುದು ಉಕ್ಕಿನ ಪಟ್ಟಿ, ತಾಮ್ರದ ತಗಡು, ಹಿತ್ತಾಳೆ ಸರಳು, ಒಂದಷ್ಟು ಎರಕದ ತುಂಡುಗಳು ಮಾತ್ರ. ಉಳಿದದ್ದೆಲ್ಲ ಲೇತ್, ಡ್ರಿಲ್ ಮತ್ತು ಅರದ ಕೆಲಸ. ಬಿಡುವಿನ ವೇಳೆಯಲ್ಲಿ ಕಟ್ಟುವವರಿಗೆ ಒಂದು ಎಂಜಿನ್ ಮುಗಿಯಲು ಹಲವು ವರ್ಷ ಹಿಡಿಯುವುದು ಮಾಮೂಲು.

ಈ ಹವ್ಯಾಸ ಬೇರು ಬಿಟ್ಟದ್ದು ಬ್ರಿಟನ್ನಿನಲ್ಲಿ. ಪರ್ಸಿವಲ್ ಮಾರ್ಷಲ್ 1898ರಲ್ಲಿ ಶುರು ಮಾಡಿದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಇದಕ್ಕೆ ನಕ್ಷೆ ಮತ್ತು ಪಾಠಗಳನ್ನು ಒದಗಿಸಿತು. 1920ರ ದಶಕದ ಮೊದಲ ವರ್ಷಗಳಲ್ಲಿ ಅದರ ಪುಟಗಳಲ್ಲಿ ದೊಡ್ಡ ಜಗಳವೇ ನಡೆಯಿತು. ಇಷ್ಟು ಚಿಕ್ಕ ಬಾಯ್ಲರಿಗೆ ಸ್ಪಿರಿಟ್ ದೀಪವೇ ಸರಿ ಎಂದು ಹೆನ್ರಿ ಗ್ರೀನ್ಲಿ ಪಕ್ಷ. ದೊಡ್ಡ ಎಂಜಿನ್ನಿನಂತೆಯೇ ಕಲ್ಲಿದ್ದಲು ಉರಿಸಬಹುದು ಎಂದು ‘ಎಲ್‌ಬಿಎಸ್‌ಸಿ’ ಎಂಬ ಅಂಕಿತದಲ್ಲಿ ಬರೆಯುತ್ತಿದ್ದ ಕರ್ಲಿ ಲಾರೆನ್ಸ್ ಪಕ್ಷ. ಲಾರೆನ್ಸ್ ತನ್ನ ‘ಆಯೇಷಾ’ ಎಂಬ ಎರಡೂವರೆ ಇಂಚು ಹಳಿಯ ಎಂಜಿನ್ನಿಗೆ ಕಲ್ಲಿದ್ದಲು ತುಂಬಿ, ಆಳನ್ನು ಕೂರಿಸಿಕೊಂಡು ಓಡಿಸಿ ತೋರಿಸಿದ. ವಾದ ಅಲ್ಲಿಗೆ ಮುಗಿಯಿತು. ಮುಂದೆ ದಶಕಗಳ ಕಾಲ ಅವನು ಬರೆದ ಪಾಠಗಳು ಅಡುಗೆಮನೆಯ ಮೇಜಿನ ಮೇಲೆ ಕೆಲಸ ಮಾಡುವವರಿಗೂ ಅರ್ಥವಾಗುವಂತಿದ್ದವು. ಅವನ ‘ಟಿಚ್’ ಎಂಬ ನಾಲ್ಕು ಚಕ್ರದ ಪುಟಾಣಿಯನ್ನು ಹೊಸಬರು ಇಂದಿಗೂ ಕಟ್ಟುತ್ತಾರೆ.

ಹಳಿಯ ಅಗಲ ಆರಿಸುವುದು ಮೊದಲ ಹೆಜ್ಜೆ. ಮೂರೂವರೆ ಇಂಚು, ಐದು ಇಂಚು, ಏಳೂಕಾಲು ಇಂಚು ಹೆಚ್ಚು ಬಳಕೆಯ ಅಳತೆಗಳು. ಬಳ್ಳಾರಿ ಸೀಮೆಯವರಿಗೆ ಮೂರೂವರೆ ಇಂಚು ಒಳ್ಳೆಯ ಆಯ್ಕೆ. ಸದರ್ನ್ ಮರಾಠಾ ರೈಲ್ವೆಯ ಬಳ್ಳಾರಿ–ಹೊಸಪೇಟೆ ಮಾರ್ಗ 1884ರಲ್ಲಿ ತೆರೆದದ್ದು ಮೀಟರ್ ಗೇಜಿನಲ್ಲಿ. ಒಂದು ಮೀಟರನ್ನು ಮೂರೂವರೆ ಇಂಚಿಗೆ, ಅಂದರೆ 89 ಮಿಲಿಮೀಟರಿಗೆ ಇಳಿಸಿದರೆ ಸುಮಾರು 11ಕ್ಕೆ 1ರ ಪ್ರಮಾಣ. ಸ್ವಾತಂತ್ರ್ಯಾನಂತರ ದೇಶದ ಮೀಟರ್ ಗೇಜ್ ಪ್ರಯಾಣಿಕ ರೈಲುಗಳನ್ನು ಎಳೆದ ವೈಪಿ ಎಂಜಿನ್ ಈ ಪ್ರಮಾಣದಲ್ಲಿ, ಕಲ್ಲಿದ್ದಲು ಮತ್ತು ನೀರು ಹೊರುವ ಟೆಂಡರ್ ಸೇರಿ ಸುಮಾರು 1.7 ಮೀಟರ್ ಉದ್ದ ಬರುತ್ತದೆ. ಅದರ ನಾಲ್ಕೂವರೆ ಅಡಿಯ ದೊಡ್ಡ ಗಾಲಿ 122 ಮಿಲಿಮೀಟರ್ ಆಗುತ್ತದೆ. ಅಸಲಿ ಉಗಿ ಎಂಜಿನ್ನುಗಳನ್ನು ನೋಡಿ ಅಳೆದು ಫೋಟೊ ಹಿಡಿಯಬೇಕೆಂದರೆ 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯವಿದೆ.

ಆದರೆ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಇಳಿಸಿದರೆ ಎಂಜಿನ್ ಓಡುವುದಿಲ್ಲ. ಅಳತೆ ಹನ್ನೊಂದೂಕಾಲು ಪಟ್ಟು ಇಳಿದಾಗ ಬಾಯ್ಲರಿನ ಮೇಲ್ಮೈ ಸುಮಾರು 127 ಪಟ್ಟು ಕುಗ್ಗುತ್ತದೆ, ಒಳಗಿನ ನೀರು 1,400 ಪಟ್ಟಿಗೂ ಹೆಚ್ಚು ಕುಗ್ಗುತ್ತದೆ. ಇರುವ ಚೂರು ನೀರಿಗೆ ಮೈ ಹೆಚ್ಚು, ಹಾಗಾಗಿ ಬೇಗ ತಣಿಯುತ್ತದೆ. ದೊಡ್ಡ ಎಂಜಿನ್ನಿನ ಎರಡಿಂಚಿನ ಬೆಂಕಿ ಕೊಳವೆಯನ್ನು ಹಾಗೇ ಇಳಿಸಿದರೆ ನಾಲ್ಕೂವರೆ ಮಿಲಿಮೀಟರ್ ಆಗಿ ಮಸಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ಕೊಳವೆಗಳ ಸಂಖ್ಯೆ ಇಳಿಸಿ, ಗಾತ್ರ ಹೆಚ್ಚಿಸುತ್ತಾರೆ. ಹೊರಗೆ ಥೇಟ್ ಅಸಲಿಯಂತೆ ಕಾಣುವ ಎಂಜಿನ್ನಿನ ಹೊಟ್ಟೆಯೊಳಗೆ ಹೀಗೆ ಬೇರೆಯೇ ಲೆಕ್ಕ.

ಕಟ್ಟುವುದು ಚಾಸಿಯಿಂದ. ಎರಡು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಬಿಗಿದು ಒಟ್ಟಿಗೇ ತೂತು ಕೊರೆಯುತ್ತಾರೆ, ಎಡ ಬಲ ಹೆಚ್ಚು ಕಡಿಮೆಯಾಗದಿರಲಿ ಎಂದು. ಗುರುತು ಹಾಕಲು ಸಪಾಟು ಮೈ ಬೇಕು. ಬಂಡೆಗಳ ನಾಡಾದ ಬಳ್ಳಾರಿ, ಕುರುಗೋಡು ಕಡೆಯವರಿಗೆ ಪಾಲಿಷ್ ಹಾಕಿದ ಗ್ರಾನೈಟ್ ತುಂಡು ಸಿಗುವುದೇನೂ ಕಷ್ಟವಲ್ಲ. ಗಾಲಿಗಳು ಬೀಡುಕಬ್ಬಿಣದ ಎರಕ, ಲೇತಿನಲ್ಲಿ ಕಡೆದದ್ದು. ಅವನ್ನು ಅಚ್ಚಿಗೆ ಕೂರಿಸುವಾಗ ಎಡಗಡೆಯ ಕ್ರ್ಯಾಂಕಿಗೂ ಬಲಗಡೆಯದಕ್ಕೂ 90 ಡಿಗ್ರಿ ಅಂತರವಿರಬೇಕು. ಆಗ ಒಂದು ಪಿಸ್ಟನ್ ತುದಿಯಲ್ಲಿ ಸಿಕ್ಕಿಕೊಂಡಿದ್ದರೂ ಇನ್ನೊಂದು ನಡುವೆ ಇದ್ದು ಎಂಜಿನ್ನನ್ನು ಎಬ್ಬಿಸುತ್ತದೆ. ಒಂದು ಅಚ್ಚಿನ ಕೋನ ಕೂದಲೆಳೆಯಷ್ಟು ತಪ್ಪಿದರೂ ಗಾಲಿ ಜೋಡಿಸುವ ರಾಡುಗಳು ಹಿಡಿದು ನಿಲ್ಲುತ್ತವೆ. ಸಿಲಿಂಡರಿಗೆ ಗನ್‌ಮೆಟಲ್ ಅಥವಾ ಬೀಡು. ಉಗಿಯನ್ನು ಸರದಿಯಂತೆ ಒಳಬಿಟ್ಟು ಹೊರಬಿಡುವ ವಾಲ್ವಿನ ಕೀಲುಗಳು ಬೆಲ್ಜಿಯಂನ ವಾಲ್‌ಶಾರ್ಟ್ಸ್ 1844ರಲ್ಲಿ ರೂಪಿಸಿದವು, ವೈಪಿಯಲ್ಲಿದ್ದದ್ದೂ ಅವೇ. ಬಾಯ್ಲರ್ ಇಲ್ಲದೆಯೇ ಇಷ್ಟನ್ನು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಿಂದ ಓಡಿಸಿ ನೋಡಬಹುದು. ಗಾಲಿಯ ಒಂದು ಸುತ್ತಿಗೆ ನಾಲ್ಕು ‘ಛುಕ್’ ಸಮ ಅಂತರದಲ್ಲಿ ಕೇಳಿಸಿದರೆ ವಾಲ್ವ್ ಸರಿಯಾಗಿದೆ.

ಕೈಚಳಕ ನಿಜಕ್ಕೂ ಪರೀಕ್ಷೆಗೆ ಬೀಳುವುದು ಬಾಯ್ಲರಿನಲ್ಲಿ. ತಾಮ್ರದ ತಗಡನ್ನು ಮಸುಕು ಕೆಂಪಿಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ. ಅಚ್ಚಿನ ಮೇಲಿಟ್ಟು ಮರದ ಸುತ್ತಿಗೆಯಿಂದ ಅಂಚು ಮಡಿಸುತ್ತ ಹೋದಂತೆ ಹತ್ತಾರು ಪೆಟ್ಟಿಗೆ ಮತ್ತೆ ಗಡಸಾಗುತ್ತದೆ. ಪೆಟ್ಟಿನ ಸದ್ದು ಬದಲಾದದ್ದು ಕಿವಿಗೇ ತಿಳಿಯುತ್ತದೆ. ಆಗ ಬಲ ಹಾಕಿದರೆ ತಗಡು ಸೀಳುತ್ತದೆ, ಪುನಃ ಕಾಯಿಸಬೇಕು. ಒಂದು ಅಂಚಿಗೆ ಹೀಗೆ ನಾಲ್ಕೈದು ಸಲ. ಬಳಿಕ ಭಾಗಗಳನ್ನು ನೀರು ಬೆರೆಸಿದ ಆಸಿಡ್ಡಿನಲ್ಲಿ ತೊಳೆದು, ಬೆಳ್ಳಿ ಬೆರೆತ ಬೆಸುಗೆಯಿಂದ ಕೂಡಿಸುತ್ತಾರೆ. ಅದು ಕರಗುವುದು 600 ಡಿಗ್ರಿ ದಾಟಿದ ಮೇಲೆ. ರೇಡಿಯೊ ರಿಪೇರಿಯ ಸೀಸದ ಬೆಸುಗೆ ಇಲ್ಲಿ ಖಂಡಿತ ಸಲ್ಲದು. ಒಲೆಯ ಸಪಾಟು ಗೋಡೆಗಳು ಉಬ್ಬದಂತೆ ಒಳಗೂ ಹೊರಗೂ ಹಿಡಿದಿಡುವ ತಾಮ್ರದ ಮೊಳೆಗಳು ಸಾಲಾಗಿ ಬರುತ್ತವೆ.

ಬೆಂಕಿ ಹಾಕುವ ಮೊದಲು ನೀರಿನ ಪರೀಕ್ಷೆ. ಬಾಯ್ಲರನ್ನು ಗಾಳಿ ಉಳಿಯದಂತೆ ತಣ್ಣೀರಿನಿಂದ ತುಂಬಿ, ಎಂಜಿನ್ ಓಡಿಸುವ ಒತ್ತಡದ ಎರಡರಷ್ಟಕ್ಕೆ ಕೈಪಂಪಿನಿಂದ ಏರಿಸುತ್ತಾರೆ. ಚದರ ಇಂಚಿಗೆ 80 ಪೌಂಡಿನಲ್ಲಿ ಓಡುವ ಬಾಯ್ಲರಿಗೆ 160 ಪೌಂಡು. ನೀರು ಕುಗ್ಗುವ ವಸ್ತುವಲ್ಲವಾದ್ದರಿಂದ ಬೆಸುಗೆ ಬಿಟ್ಟರೂ ಚಿಮ್ಮಿ ನಿಲ್ಲುತ್ತದೆ. ಇದೇ ಪರೀಕ್ಷೆಯನ್ನು ಗಾಳಿಯಿಂದ ಮಾಡಿದರೆ, ಬೆಸುಗೆ ಬಿಟ್ಟಾಗ ಬಾಯ್ಲರ್ ಸಿಡಿಯುತ್ತದೆ. ಆಮೇಲೆ ಸೇಫ್ಟಿ ವಾಲ್ವ್, ನೀರಿನ ಮಟ್ಟ ತೋರುವ ಗಾಜಿನ ಕೊಳವೆ, ನೀರು ತುಂಬಲು ಎರಡು ಬೇರೆ ಬೇರೆ ದಾರಿ. ಬಳ್ಳಾರಿಯ ಬೋರ್‌ವೆಲ್ ನೀರು ಗಡಸು, ಒಳಗೆ ಸುಣ್ಣ ಕಟ್ಟುತ್ತದೆ; ಸೋಸಿದ ಮಳೆನೀರೇ ವಾಸಿ.

ಸಿರುಗುಪ್ಪಕ್ಕೆ ರೈಲು ಹಳಿ ಬಂದಿಲ್ಲ, ಬಾಯ್ಲರ್ ಬಂದಿದೆ. ಅಲ್ಲಿನ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಉರಿಸಿ ಉಗಿ ಎಬ್ಬಿಸುವ ಆಳುಗಳಿಗೆ ನೀರಿನ ಮಟ್ಟ, ಒತ್ತಡದ ಗಡಿಯಾರ ಹೊಸದಲ್ಲ. ಬಳ್ಳಾರಿಯ ಲೇತ್ ಅಂಗಡಿಗಳಲ್ಲಿ ಲಾರಿ, ಟ್ರ್ಯಾಕ್ಟರಿನ ಭಾಗ ಕಡೆಯುವ ಟರ್ನರುಗಳ ಕೈಗೆ ಈ ಕೆಲಸ ಭಾರವೂ ಅಲ್ಲ. ಕೊರತೆ ಇರುವುದು ನಕ್ಷೆ ಓದುವ ಅಭ್ಯಾಸದಲ್ಲಿ, ಬೆಳ್ಳಿ ಬೆಸುಗೆಯ ಅನುಭವದಲ್ಲಿ. ನೇರ ವೈಪಿಗೆ ಕೈ ಹಾಕುವುದಕ್ಕಿಂತ ಒಂದೇ ಸಿಲಿಂಡರಿನ, ನಿಂತಲ್ಲೇ ತಿರುಗುವ ಎಂಜಿನ್ನಿನಿಂದ ಶುರು ಮಾಡುವುದು ಮೇಲು.

ಕಾನೂನಿನ ಮಾತೂ ಒಂದಿದೆ. 1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ ಬಂದ 2025ರ ಕಾಯ್ದೆಯೂ 25 ಲೀಟರಿಗಿಂತ ಚಿಕ್ಕದನ್ನು ಬಾಯ್ಲರ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂರೂವರೆ ಇಂಚಿನ ಎಂಜಿನ್ನಿನದು ಅದಕ್ಕಿಂತ ಎಷ್ಟೋ ಚಿಕ್ಕದು, ಹಾಗಾಗಿ ತಪಾಸಣೆಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ. ನೀರಿನ ಪರೀಕ್ಷೆಯನ್ನು ಕಟ್ಟಿದವರೇ ವರ್ಷ ವರ್ಷ ಮಾಡಿ, ತಾರೀಖು ಮತ್ತು ಒತ್ತಡವನ್ನು ಪುಸ್ತಕದಲ್ಲಿ ಬರೆದಿಡಬೇಕು.